ಸುಮಾ, ಬಿದ್ದ ಹಲ್ಲನ್ನ ಉಜ್ಜಬೇಡ (ಪೂರ್ತಿ ಓದು)

ಸುಮಾ, ನಿನ್ನ ಮೆಸೇಜ್ ಈಗ ನೋಡಿದೆ. ನಿನ್ನೆ ಪುಟ್ಟಿ ಬಚ್ಚಲಲ್ಲಿ ಜಾರಿ ಬಿದ್ದು ಮೇಲಿನ ಮುಂದಿನ ಹಲ್ಲೊಂದು ಬುಡಸಮೇತ ಬಂದುಬಿಟ್ಟಿದೆ, ಪಕ್ಕದ್ದು ಅಲ್ಲಾಡ್ತಿದೆ, ಬಿದ್ದಿದ್ದನ್ನ ಡಬ್ಬಿಯಲ್ಲಿ ಇಟ್ಟಿದ್ದೀನಿ, ವಾಪಸ್ ಕೂರಿಸ್ತಾರಾ ಅಂತ ಕೇಳಿದ್ದೀಯ. ಟೈಪ್ ಮಾಡೋದು ನನ್ನ ಕೈಲಾಗಲ್ಲ, ಮಾತಾಡ್ತಾ ಹೋಗ್ತೀನಿ, ಫೋನೇ ಬರ್ಕೊಳ್ಳುತ್ತೆ.

ಮೊದಲು ರಘು ಹಲ್ಲಿನ ವಿಷಯ ಕೇಳು. ನಿಮಗೆಲ್ಲ ಗೊತ್ತಿರೋದೇ, ಆದ್ರೆ ಅರ್ಧ ಗೊತ್ತು. ಅವನಿಗೆ ಆಗ 9 ವರ್ಷ. ಸ್ಕೂಲ್ ಮೈದಾನದಲ್ಲಿ ಬಿದ್ದ, ಮುಂದಿನ ಹಲ್ಲು, ಅದೂ ಶಾಶ್ವತ ಹಲ್ಲು, ಇಡಿಯಾಗಿ ಹೊರಗೆ ಬಂತು. ಅಲ್ಲಿ ಯಾರೋ ಒಳ್ಳೇದಕ್ಕೇ ಅಂತ ಸೋಪು ಹಾಕಿ, ಬ್ರಷ್ ತಗೊಂಡು ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿ, ಟಿಶ್ಯೂ ಪೇಪರಲ್ಲಿ ಸುತ್ತಿ ಪೆನ್ಸಿಲ್ ಬಾಕ್ಸಿಗೆ ಹಾಕಿ ಕೊಟ್ರು. ಬೇರಿನ ಮೇಲೆ ತೆಳ್ಳಗೆ ಕೆಂಪಗೆ ಅಂಟ್ಕೊಂಡಿರುತ್ತಲ್ಲ, ಅದು ಕೊಳೆ ಅಲ್ಲ ಕಣೆ. ಹಲ್ಲನ್ನ ದವಡೆ ಮೂಳೆಗೆ ಹಿಡಿದಿಡೋ ನಾರಿನ ಪೊರೆ. ಒಣಗಲು ಬಿಟ್ರೆ ಅರ್ಧ ಗಂಟೆಯಲ್ಲೇ ಅದರ ಜೀವಕೋಶ ಹೆಚ್ಚುಕಮ್ಮಿ ಸತ್ತಹಾಗೆ, ಒಂದು ಗಂಟೆ ದಾಟಿದ್ರೆ ಡಾಕ್ಟರುಗಳು ಅದನ್ನ ಲೆಕ್ಕಕ್ಕೇ ಇಟ್ಕೊಳ್ಳಲ್ಲ.

ಡೆಂಟಿಸ್ಟ್ ಕೂರಿಸಿದ್ರು, ಪಕ್ಕದ ಹಲ್ಲುಗಳಿಗೆ ಸೇರಿಸಿ ತೆಳು ತಂತಿ ಅಂಟಿಸಿದ್ರು, ರೂಟ್ ಕೆನಾಲೂ ಆಯ್ತು. ನೋಡೋಕೆ ಚೆನ್ನಾಗೇ ಇತ್ತು. ಆದ್ರೆ ಪೊರೆ ಇಲ್ಲದ ಬೇರು ಮೂಳೆಗೇ ಬೆಸೆದುಕೊಳ್ತು. ಡಾಕ್ಟರು ಕನ್ನಡಿ ಹಿಡಿಯಿಂದ ತಟ್ಟಿದ್ರೆ ಪಕ್ಕದ ಹಲ್ಲು ಮಂದವಾಗಿ ಕೇಳೋದು, ಇದು ಮಾತ್ರ ಟಣ್ ಅನ್ನೋದು. ದವಡೆ ಬೆಳೀತಾ ಬೇರೆ ಹಲ್ಲೆಲ್ಲ ಕೆಳಗೆ ಇಳಿದ್ವು, ಇದೊಂದು ಮೇಲೇ ನಿಂತ್ಕೊಂಡು ಗಿಡ್ಡ ಕಾಣೋಕೆ ಶುರುವಾಯ್ತು. ಒಳಗೆ ಬೇರನ್ನ ಮೂಳೆ ಸ್ವಲ್ಪ ಸ್ವಲ್ಪವೇ ಕರಗಿಸ್ತಾ ಹೋಯ್ತು. ಅದಕ್ಕೇ ಹೇಳ್ತೀನಿ, ಬೇರು ಮುಟ್ಟಬೇಡಿ, ಉಜ್ಜಬೇಡಿ, ಒಣಗೋಕೆ ಬಿಡಬೇಡಿ.

ಅವತ್ತು ಮಾಡಬೇಕಿದ್ದದ್ದು ಇಷ್ಟೇ. ಬಿಳಿ ಭಾಗ ಮಾತ್ರ ಹಿಡ್ಕೊಂಡು, ಮಣ್ಣಾಗಿದ್ರೆ ಹಾಲಲ್ಲೋ ಹರಿಯೋ ತಣ್ಣೀರಲ್ಲೋ 10 ಸೆಕೆಂಡ್ ಹಿಡಿದು, ಸರಿಯಾದ ಬದಿ ಮುಂದಕ್ಕೆ ಮಾಡಿ ಬಂದ ಗುಳಿಗೇ ಮೆತ್ತಗೆ ಒತ್ತಿ ಕೂರಿಸಿ, ಚೊಕ್ಕ ಬಟ್ಟೆ ಕಚ್ಚಿಸಿ ಡೆಂಟಿಸ್ಟ್ ಹತ್ರ ಓಡೋದು. ಮಗುಗೆ ಪ್ರಜ್ಞೆ ಸರಿಯಿಲ್ಲ ಅಂದ್ರೆ ಬಾಯಿಗೆ ಹಾಕೋ ಹಾಗಿಲ್ಲ. ಕೂರಿಸೋಕೆ ಧೈರ್ಯ ಬರದಿದ್ರೆ ತಣ್ಣನೆ ಹಾಲಲ್ಲಿ ಮುಳುಗಿಸಿ ಒಯ್ಯಿ. ಹಾಲಿಲ್ವಾ, ಮಗು ಲೋಟಕ್ಕೆ ಉಗುಳಿದ ಎಂಜಲೂ ಆಗುತ್ತೆ. ಬರೀ ನೀರಲ್ಲಿ ನೆನೆಹಾಕೋದು ಬೇಡ, ಕೋಶಗಳು ನೀರು ಕುಡಿದು ಒಡೆದುಹೋಗ್ತವೆ. ಮತ್ತೆ ಹೇಳ್ತಿದ್ದೀನಿ, ಬೇರು ಮುಟ್ಟಬೇಡಿ, ಉಜ್ಜಬೇಡಿ, ಒಣಗೋಕೆ ಬಿಡಬೇಡಿ.

ಇದನ್ನ ಆ ಸ್ಕೂಲಿನವರಿಗೆ ಯಾರು ಹೇಳಬೇಕು? ಫೋನ್ ಮಾಡಿದ್ದೇ ಆ ಪೀರಿಯಡ್ ಮುಗಿದ ಮೇಲೆ. ಫಸ್ಟ್ ಏಡ್ ಬಾಕ್ಸ್ ಇತ್ತು, ಬೀಗ ಹಾಕಿತ್ತು, ಕೀಲಿ ಇಟ್ಕೊಂಡವರು ರಜೆ! ಆಮೇಲೆ ಮೌತ್‌ಗಾರ್ಡ್ ಹಾಕಿಸಿ ಆಡಿಸಿ ಅಂದ್ರೆ ಮಕ್ಕಳು ಹಾಕ್ಕೊಳ್ಳಲ್ಲ ಬಿಡಿ ಅಂದ್ರು. ಮೇಲಿನ ಹಲ್ಲು ಮುಂದಕ್ಕೆ ಚಾಚಿರೋ ಮಕ್ಕಳಿಗೇ ಪೆಟ್ಟು ಜಾಸ್ತಿ, ಅವರಿಗಾದ್ರೂ ಹಾಕಿಸಬಾರದಾ? ಮೊಣಕಾಲಿಗೆ ಪ್ಯಾಡ್ ಇಲ್ಲದೆ ಬಿಡಲ್ಲ, ಬಾಯಿ ಯಾರಿಗೂ ಬೇಡ. ನಮ್ಮ ಗ್ರೂಪೂ ಅಷ್ಟೇ, ಹಲ್ಲುನೋವಿಗೆ ವಸಡಿನ ಮೇಲೆ ಆಸ್ಪಿರಿನ್ ಮಾತ್ರೆ ಇಡಿ ಅಂತ ಬಂದದ್ದನ್ನ ಎಲ್ಲರೂ ಫಾರ್ವರ್ಡ್ ಮಾಡಿದ್ರಿ. ಅದು ವಸಡು ಸುಡುತ್ತೆ, ಮಕ್ಕಳಿಗಂತೂ ಆಸ್ಪಿರಿನ್ ಕೊಡೋ ಹಾಗೇ ಇಲ್ಲ. ನಾನು ಹೇಳಿದ್ರೆ ಒಂದು ಥಂಬ್ಸ್ ಅಪ್ ಹಾಕಿ ಸುಮ್ಮನಾಗ್ತೀರಿ.

ಅಯ್ಯೋ, ಪುಟ್ಟಿಗೆ 4 ವರ್ಷ ಅಲ್ವಾ! ಸುಮಾ, ಅದು ಹಾಲುಹಲ್ಲು. ಹಾಲುಹಲ್ಲನ್ನ ವಾಪಸ್ ಕೂರಿಸಲ್ಲ, ನೀನೂ ತುರುಕೋಕೆ ಹೋಗಬೇಡ, ಮೇಲೆ ಬೆಳೀತಿರೋ ಶಾಶ್ವತ ಹಲ್ಲಿನ ಮೊಗ್ಗಿಗೆ ಪೆಟ್ಟಾಗುತ್ತೆ. ಡಬ್ಬಿಯಲ್ಲಿರೋದನ್ನ ಡಾಕ್ಟರಿಗೆ ತೋರಿಸು, ಪೂರ್ತಿ ಬಂದಿದೆಯಾ, ತುಂಡೇನಾದ್ರೂ ಒಳಗೆ ಉಳಿದಿದೆಯಾ ಅಂತ ನೋಡ್ತಾರೆ. ಇವತ್ತೇ ಹೋಗು. ಅಲ್ಲಾಡ್ತಿರೋದು ತೀರಾ ಸಡಿಲ ಆಗಿದ್ರೆ, ನಿದ್ದೆಯಲ್ಲಿ ಕಳಚಿ ಗಂಟಲಿಗೆ ಹೋಗೋ ಹಾಗಿದ್ರೆ, ತೆಗೀತಾರೆ. ಇಲ್ಲಾಂದ್ರೆ ಒಂದು ವಾರ ಮೆತ್ತಗಿರೋದೇ ತಿನ್ನಿಸು, ಮೃದು ಬ್ರಷ್ಷಲ್ಲಿ ಉಜ್ಜೋದು ನಿಲ್ಲಿಸಬೇಡ. ನೋವಿಗೆ ಪ್ಯಾರಾಸಿಟಮಾಲ್, ತೂಕದ ಕೆಜಿಗೆ 15 ಮಿಲಿಗ್ರಾಂ, 16 ಕೆಜಿ ಇದ್ರೆ ಒಂದು ಸಲಕ್ಕೆ 240. ಸಿರಪ್ ಬೇರೆ ಬೇರೆ ಗಾಢತೆಯಲ್ಲಿ ಬರುತ್ತೆ, 5 ಎಂಎಲ್‌ನಲ್ಲಿ ಎಷ್ಟಿದೆ ಅಂತ ಲೇಬಲ್ ನೋಡಿಯೇ ಅಳೆ. ಕೊಟ್ಟು ಕೊಟ್ಟು ನಡುವೆ 6 ಗಂಟೆ ಬಿಡು.

ಪಕ್ಕದ ಹಲ್ಲು ಕಂದು ಬಣ್ಣಕ್ಕೆ ತಿರುಗಿದ್ರೆ ಗಾಬರಿಯಾಗಬೇಡ, ಆದ್ರೆ ವಸಡಲ್ಲಿ ಮೊಡವೆ ಥರ ಕೀವುಗುಳ್ಳೆ ಕಂಡ್ರೆ ಹೋಗಿ ತೋರಿಸು. ಕೆನ್ನೆ ಊದಿ ಜ್ವರ ಬಂದ್ರೆ, ನುಂಗೋಕೆ ಆಗದಿದ್ರೆ, ನಿನ್ನೆ ಬಿದ್ದದ್ದಕ್ಕೆ ಪದೇ ಪದೇ ವಾಂತಿ, ಮಂಪರು ಬಂದ್ರೆ ಡೆಂಟಿಸ್ಟ್ ಅಲ್ಲ, ನೇರ ಆಸ್ಪತ್ರೆಗೆ. ಬಚ್ಚಲಿಗೊಂದು ರಬ್ಬರ್ ಮ್ಯಾಟ್ ತರಿಸು. ಡಾಕ್ಟರು ಏನಂದ್ರು ಅಂತ ಸಂಜೆ ಫೋನ್ ಮಾಡು.