ಮೀನು ಬಿಟ್ಟೆ, ಓಟ ಬಿಡಲಿಲ್ಲ. ಸೋಮವಾರ ಕಾಲು ಏಳುವುದಿಲ್ಲ, ಏನು ಮಾಡಲಿ?

ಕೋಡಿಬಾಗದ ಓಟಗಾರ (ಕಾರವಾರ)

ವಯಸ್ಸು 39, ತೂಕ 68 ಕಿಲೋ, ಕುರ್ಚಿಯ ಕೆಲಸ. ವಾರಕ್ಕೆ ನಾಲ್ಕು ದಿನ ಓಡುತ್ತೇನೆ. ಭಾನುವಾರ ದೊಡ್ಡ ಓಟ. ಕೋಡಿಬಾಗದಿಂದ ಕಾಳಿ ಸೇತುವೆ ದಾಟಿ ಸದಾಶಿವಗಡ, ಅಲ್ಲಿಂದ ಮಾಜಾಳಿಯ ಕಡೆ ಹೋಗಿ ತಿರುಗಿ ಬಂದು, ಉಳಿದದ್ದನ್ನು ಟಾಗೋರ್ ಕಡಲತೀರದ ರಸ್ತೆಯಲ್ಲಿ ತುಂಬಿಸಿ 24 ಕಿಲೋಮೀಟರ್ ಮಾಡುತ್ತೇನೆ.

ಕಳೆದ ವರ್ಷ ಜೂನ್ ಒಂದಕ್ಕೆ ಟ್ರಾಲರ್‌ಗಳು ದಡ ಸೇರಿದವು. 61 ದಿನ ಮೀನುಗಾರಿಕೆ ನಿಷೇಧ, ಅದರ ಬೆನ್ನಿಗೆ ಶ್ರಾವಣ. ಹೇಗೂ ಇಷ್ಟು ದಿನ ಮೀನಿಲ್ಲದೆ ಕಳೆಯಿತಲ್ಲ ಎಂದು ಹಾಗೆಯೇ ಮುಂದುವರಿಸಿದೆ. ಆಮೇಲೆ ಮೊಟ್ಟೆ, ಹಾಲು, ಮೊಸರನ್ನೂ ಬಿಟ್ಟೆ. ಕಾರಣ ಕೇಳಬೇಡಿ, ಮನೆಯಲ್ಲಿ ಹೇಳಿ ಹೇಳಿ ಸಾಕಾಗಿದೆ.

ತೊಂದರೆ ಇಷ್ಟು. ಸೋಮವಾರ ಕಚೇರಿಯ ಮೆಟ್ಟಿಲು ಹತ್ತಲು ಕಂಬಿ ಹಿಡಿಯಬೇಕು. ಮಂಗಳವಾರದ ಸಣ್ಣ ಓಟದಲ್ಲೂ ತೊಡೆಗಳು ಮರದ ಕೊರಡಿನಂತೆ ಇರುತ್ತವೆ. ನೋವಲ್ಲ, ಶಕ್ತಿಯೇ ಇಲ್ಲ. ಆಯಿ ಪ್ರತಿ ವಾರ “ಮೀನು ಬಿಟ್ಟವನಿಗೆ ಇನ್ನೇನಾಗುತ್ತದೆ” ಎನ್ನುತ್ತಾಳೆ. ಸಹೋದ್ಯೋಗಿಯೊಬ್ಬ ಪ್ರೋಟೀನ್ ಪುಡಿಯ ಡಬ್ಬಿ ತರಿಸು ಎನ್ನುತ್ತಾನೆ.

ಊಟ: ಬೆಳಿಗ್ಗೆ ಒಂದು ಬಟ್ಟಲು ಅವಲಕ್ಕಿ. ಮಧ್ಯಾಹ್ನ ಒಂದು ಸೌಟು ಅನ್ನ, ತೊವ್ವೆ, ಬಸಳೆ. ಸಂಜೆ ಮೊಳಕೆ ಹೆಸರುಕಾಳು. ರಾತ್ರಿ ಎರಡು ಚಪಾತಿ, ಪಲ್ಯ. ಹೊಟ್ಟೆ ಬರುತ್ತಿತ್ತೆಂದು ಅನ್ನವನ್ನೂ ಅದೇ ಹೊತ್ತಿಗೆ ಕಡಿಮೆ ಮಾಡಿದ್ದೇನೆ. ಭಾನುವಾರ ಓಟ ಮುಗಿಸಿ ಕಪ್ಪು ಚಹಾ ಕುಡಿದು, ಸಂತೆಗೆ ಹೋಗಿ ಬಂದು ಊಟಕ್ಕೆ ಕೂರುವಾಗ ಗಂಟೆ ಒಂದು.

ಬೇಲೆಕೇರಿ ಬಲೆ (ಅಂಕೋಲಾ)

ರೋಗವನ್ನು ನೀವೇ ಬರೆದಿದ್ದೀರಿ. ಮದ್ದು ಬೈತಖೋಲ್ ಬಂದರಿನಲ್ಲಿ ಬುಟ್ಟಿಗಟ್ಟಲೆ ಇದೆ. ನನ್ನ ಅಪ್ಪ ನಲವತ್ತು ವರ್ಷ ರಂಪಣಿ ಬಲೆ ಎಳೆದವರು. ನಸುಕಿನಿಂದ ಮಧ್ಯಾಹ್ನದವರೆಗೆ ಮರಳಿನಲ್ಲಿ ಕಾಲೂರಿ ಎಳೆಯುತ್ತಿದ್ದರು. ಮರುದಿನ ಕಾಲು ಏಳುವುದಿಲ್ಲ ಎಂದದ್ದನ್ನು ನಾನು ಕೇಳಿಲ್ಲ. ಬಂಗಡೆ ತಿನ್ನಿ, ಎಲ್ಲ ಸರಿಯಾಗುತ್ತದೆ.

ದೇವಿಮನೆ ಸವಾರ (ಶಿರಸಿ)

ಬೇಲೆಕೇರಿಯವರೇ, ಒಂದು ಪ್ರಶ್ನೆ. ನಿಮ್ಮ ತಂದೆ ಬಲೆ ಎಳೆದು ಬಂದ ದಿನ ಬಟ್ಟಲಲ್ಲಿ ಬಂಗಡೆ ಎಷ್ಟಿತ್ತು, ಅನ್ನ ಎಷ್ಟಿತ್ತು? ಉತ್ತರ ಬರೆಯಿರಿ, ಕಾಯುತ್ತೇನೆ.

ಕೋಡಿಬಾಗದವರಿಗೆ: ನೀವು ಎರಡು ವಸ್ತುಗಳನ್ನು ಒಟ್ಟಿಗೆ ಬಿಟ್ಟು ತಪ್ಪನ್ನೆಲ್ಲ ಒಂದರ ಮೇಲೆ ಹೊರಿಸುತ್ತಿದ್ದೀರಿ. ನಿಮಗೆ ಕೊರತೆಯಾಗಿರುವುದು ಮೀನಲ್ಲ, ಅನ್ನ.

ಇದು ನನಗೆ ಗೊತ್ತಾದದ್ದು ದೇವಿಮನೆ ಘಟ್ಟದಲ್ಲಿ. ನನ್ನದು ಅಡಿಕೆ ತೋಟ, ಹುಟ್ಟಿನಿಂದ ಸಸ್ಯಾಹಾರ, ಹುಚ್ಚು ಸೈಕಲ್ಲಿನದು. ಮೂರು ವರ್ಷದ ಹಿಂದೆ ಅನ್ನ ವಿಷ ಎಂದು ಯಾರೋ ಹೇಳುವ ವಿಡಿಯೋ ನೋಡಿ ಎರಡು ತಿಂಗಳು ಅನ್ನ, ಬೆಲ್ಲ, ಬಾಳೆಹಣ್ಣು ಎಲ್ಲಕ್ಕೂ ರಜೆ ಕೊಟ್ಟಿದ್ದೆ. ಒಂದು ದಿನ ಕುಮಟಾಕ್ಕೆ ಇಳಿದು ಅದೇ ದಿನ ತಿರುಗಿ ಹತ್ತಿದೆ. ಘಟ್ಟವನ್ನು ಹೇಗೋ ಮುಗಿಸಿದೆ. ರಾಗಿಹೊಸಳ್ಳಿಯ ಹತ್ತಿರ, ಏರು ಅಷ್ಟೇನೂ ಇಲ್ಲದ ಕಡೆ, ದೀಪ ಆರಿದಂತಾಯಿತು. ಕೈ ನಡುಗಿತು, ತಲೆ ಖಾಲಿ, ಸೈಕಲ್ಲಿನಿಂದ ಇಳಿಯಲು ಕಾಲೆತ್ತುವುದೂ ಕಷ್ಟ. ರಸ್ತೆಬದಿಯ ಮನೆಯ ಅಜ್ಜಿ ಹೆಸರು ಕೇಳುವ ಮೊದಲೇ ಆಸರಿಗೆಂದು ಬೆಲ್ಲ, ನೀರು ತಂದಿಟ್ಟರು. ಮೂರು ಅಚ್ಚು ಬೆಲ್ಲ ತಿಂದೆ. ಇಪ್ಪತ್ತು ನಿಮಿಷಕ್ಕೆ ಮನುಷ್ಯನಾದೆ. ಎರಡು ತಿಂಗಳ ವಿಡಿಯೋ ಜ್ಞಾನ ಅಲ್ಲಿಗೆ ಮುಗಿಯಿತು.

ದೇಹ ಪಿಷ್ಟವನ್ನು ಗ್ಲೈಕೋಜೆನ್ ಮಾಡಿ ಕೂಡಿಡುತ್ತದೆ. ಸ್ನಾಯುಗಳಲ್ಲಿ ಸುಮಾರು 400ರಿಂದ 500 ಗ್ರಾಂ, ಯಕೃತ್ತಿನಲ್ಲಿ ಸುಮಾರು 100 ಗ್ರಾಂ. ಕಣಜ ಇಷ್ಟೇ. ನಿಮ್ಮ 24 ಕಿಲೋಮೀಟರಿಗೆ ಹತ್ತಿರ ಹತ್ತಿರ 1,600 ಕಿಲೋಕ್ಯಾಲರಿ ಬೇಕು, ಅದರಲ್ಲಿ ದೊಡ್ಡ ಪಾಲು ಈ ಕಣಜದಿಂದಲೇ ಹೋಗುತ್ತದೆ. ಖಾಲಿಯಾದದ್ದನ್ನು ತುಂಬದೆ ಮಂಗಳವಾರ ಮತ್ತೆ ಓಡಿದರೆ ಕೊರಡಲ್ಲದೆ ಇನ್ನೇನು?

ಸೈಕಲ್ಲಿನವನಾದ್ದರಿಂದ ನನಗೆ ಬಹಳ ಹಿಡಿಸಿದ ಪ್ರಯೋಗವೊಂದಿದೆ. 1966ರಲ್ಲಿ ಸ್ವೀಡನ್ನಿನ ಬರ್ಗ್‌ಸ್ಟ್ರೋಮ್ ಮತ್ತು ಹುಲ್ಟ್‌ಮನ್ ಎಂಬ ಇಬ್ಬರು ವೈದ್ಯರು ಒಂದೇ ಸೈಕಲ್ಲಿನ ಎರಡು ಬದಿಗೆ ಕುಳಿತು, ಒಬ್ಬರು ಒಂದು ಪೆಡಲ್, ಇನ್ನೊಬ್ಬರು ಇನ್ನೊಂದು ಪೆಡಲ್ ತುಳಿದರು. ಒಂದು ಕಾಲಿಗೆ ದುಡಿಮೆ, ಇನ್ನೊಂದಕ್ಕೆ ರಜೆ. ಆಮೇಲೆ ಮೂರು ದಿನ ಪಿಷ್ಟ ತುಂಬಿದ ಊಟ ಮಾಡಿ, ತೊಡೆಗೆ ಸೂಜಿ ಹಾಕಿ ಸ್ನಾಯುವಿನ ಚೂರು ತೆಗೆದು ನೋಡಿಕೊಂಡರು. ದುಡಿದ ಕಾಲಿನಲ್ಲಿ ಗ್ಲೈಕೋಜೆನ್ ಇನ್ನೊಂದರ ಸುಮಾರು ಎರಡು ಪಟ್ಟು ತುಂಬಿತ್ತು. ಅದೇ ಹೊಟ್ಟೆ, ಅದೇ ರಕ್ತ. ಖಾಲಿಯಾದ ಕಾಲೇ ಬಾಯಿ ತೆರೆದು ಕುಳಿತಿತ್ತು. ನಿಮ್ಮ ಕಾಲೂ ಭಾನುವಾರ ಹಾಗೆ ಬಾಯಿ ತೆರೆಯುತ್ತದೆ. ನೀವು ಅದಕ್ಕೆ ಕಪ್ಪು ಚಹಾ ಕುಡಿಸಿ ಸಂತೆಗೆ ಕರೆದುಕೊಂಡು ಹೋಗುತ್ತೀರಿ.

ಈಗ ಲೆಕ್ಕ. ದಿನಕ್ಕೆ ಒಂದರಿಂದ ಮೂರು ತಾಸು ಬೆವರು ಹರಿಸುವವರಿಗೆ ಕ್ರೀಡಾ ಪೋಷಣೆಯವರು ಹೇಳುವುದು ಕಿಲೋ ತೂಕಕ್ಕೆ 6ರಿಂದ 10 ಗ್ರಾಂ ಕಾರ್ಬೋಹೈಡ್ರೇಟ್, ಅಂದರೆ ಪಿಷ್ಟ, ಸಕ್ಕರೆ. ಒಂದು ತಾಸಿನವರಿಗೆ 5ರಿಂದ 7. ಭಾನುವಾರ, ಸೋಮವಾರ ಆರರಂತೆ ಹಿಡಿದರೂ ನಿಮಗೆ 408 ಗ್ರಾಂ ಆಯಿತು. ನಿಮ್ಮ ಪಟ್ಟಿಯನ್ನು ಕೂಡಿಸಿ ನೋಡಿದೆ, 200 ದಾಟುವುದು ಅನುಮಾನ. ಮೂರೂವರೆ ನೂರು ಗ್ರಾಂ ಅಕ್ಕಿಯ ಅನ್ನದಲ್ಲಿ 270ರಷ್ಟಿದೆ, ಮೂರು ಬಾಳೆಹಣ್ಣಿನಲ್ಲಿ 75. ಉಳಿದದ್ದು ಬೇಳೆ, ಬೆಲ್ಲದಲ್ಲಿ ಬರುತ್ತದೆ. ನಮ್ಮ ಅಜ್ಜಂದಿರಿಗೆ ಇದು ಒಂದು ದಿನದ ಸಾಮಾನ್ಯ ಊಟ.

ಎಂಟು ತಾಸಿನೊಳಗೆ ಮತ್ತೆ ಓಡಬೇಕಾದವರು ಮೊದಲ ನಾಲ್ಕು ತಾಸು ಪ್ರತಿ ತಾಸಿಗೆ ಕಿಲೋ ತೂಕಕ್ಕೆ ಒಂದು ಗ್ರಾಂನಷ್ಟು ತಿನ್ನಬೇಕು. ನಿಮಗೆ ಮಂಗಳವಾರದವರೆಗೆ ಹೊತ್ತಿದೆ, ಗಡಿಯಾರ ನೋಡುತ್ತಾ ನುಂಗಬೇಕಾಗಿಲ್ಲ. ಆದರೆ ಮಧ್ಯಾಹ್ನ ಒಂದು ಗಂಟೆಯವರೆಗೆ ಉಪವಾಸವಿದ್ದು ಆಮೇಲೆ ಒಂದು ಸೌಟು ಅನ್ನ ಎಂದರೆ ಕಣಜ ಎಂದೂ ತುಂಬುವುದಿಲ್ಲ. ನಾನಾದರೆ ಸೈಕಲ್ ಗೋಡೆಗೆ ಒರಗಿಸಿದ ಕೂಡಲೇ ಅವಲಕ್ಕಿಗೆ ಜೋನಿ ಬೆಲ್ಲ, ತೆಂಗಿನಕಾಯಿ ತುರಿ ಕಲಸಿ ಎರಡು ಬಾಳೆಹಣ್ಣಿನ ಜೊತೆ ತಿನ್ನುತ್ತೇನೆ. ಒಂದೂವರೆ ತಾಸಿನ ಮೇಲೆ ಗಂಜಿ, ಅಪ್ಪೆಮಿಡಿ ಉಪ್ಪಿನಕಾಯಿ. ನೀರು, ಉಪ್ಪು, ಪಿಷ್ಟ ಮೂರೂ ಒಂದೇ ಬಟ್ಟಲಲ್ಲಿ. ಕರಾವಳಿಯ ಸೆಕೆಯಲ್ಲಿ ಓಡುವ ನಿಮಗೆ ನನಗಿಂತ ಹೆಚ್ಚು ಬೇಕಾದದ್ದು.

ಮೊಳಕೆ ಕಾಳಿನಲ್ಲಿ ನಾರು ಹೆಚ್ಚು, ಶನಿವಾರ ಸಂಜೆ ಅದನ್ನು ಬಿಡಿ. ಏಕೆ ಎಂದು ಭಾನುವಾರ ಹನ್ನೆರಡನೆಯ ಕಿಲೋಮೀಟರಿನಲ್ಲಿ ನಿಮ್ಮ ಹೊಟ್ಟೆ ಹೇಳಿರಬಹುದು. ನಾರಿನ ಇನ್ನೊಂದು ಉಪದ್ರವವೆಂದರೆ, ಬೇಕಾದಷ್ಟು ಪಿಷ್ಟ ಸೇರುವ ಮೊದಲೇ ಹೊಟ್ಟೆ ತುಂಬಿತೆನ್ನಿಸುತ್ತದೆ. ಹಾಗಾಗಿ ಭಾನುವಾರ ಬಿಳಿ ಅನ್ನಕ್ಕೆ ನಾಚಬೇಡಿ.

ಪ್ರೋಟೀನ್ ಬೇಡವೆಂದಲ್ಲ. ಕಿಲೋಗೆ 1.2 ಗ್ರಾಂ ಹಿಡಿದರೂ ನಿಮಗೆ 82 ಗ್ರಾಂ ಬೇಕು. ಮೇಲೆ ಹೇಳಿದ ಅನ್ನದಲ್ಲೇ ಸುಮಾರು 25 ಇದೆ, ನೂರು ಗ್ರಾಂ ತೊಗರಿಬೇಳೆಯಲ್ಲಿ 22, ಐವತ್ತು ಗ್ರಾಂ ಸೋಯಾ ಉಂಡೆಯಲ್ಲಿ 26, ಒಂದು ಹಿಡಿ ಶೇಂಗಾದಲ್ಲಿ ಏಳೆಂಟು. ಡಬ್ಬಿಯ ದುಡ್ಡಿಗೆ ಒಳ್ಳೆಯ ಬೂಟು ಕೊಳ್ಳಿ.

ಒಂದು ಎಚ್ಚರಿಕೆ: ತೊಡೆಯನ್ನು ಒತ್ತಿದರೆ ನೋಯುವುದು ಸ್ನಾಯುವಿಗೆ ಆದ ಸಣ್ಣ ಪೆಟ್ಟು. ಅದನ್ನು ಅನ್ನ ವಾಸಿ ಮಾಡುವುದಿಲ್ಲ, ದಿನಗಳೇ ಮಾಡಬೇಕು. ಸಕ್ಕರೆ ಕಾಯಿಲೆ ಇರುವವರಿಗೂ ಈ ಲೆಕ್ಕ ಹೊಂದುವುದಿಲ್ಲ, ಅವರು ವೈದ್ಯರನ್ನು ಕೇಳಬೇಕು.

ಬೇಲೆಕೇರಿ ಬಲೆ (ಅಂಕೋಲಾ)

ಆಯಿಯನ್ನು ಕೇಳಿದೆ. ಬಂಗಡೆ ಎರಡು. ಅನ್ನ, ಅವಳ ಮಾತಿನಲ್ಲೇ ಹೇಳುವುದಾದರೆ, “ಗುಡ್ಡ”. ಬಲೆಗೆ ಹೋಗುವ ಮೊದಲು ಒಂದು ಚೊಂಬು ಗಂಜಿ ಬೇರೆ. ಸೋತೆ. ಆದರೂ ಆ ಎರಡು ಬಂಗಡೆಯ ಪರವಾಗಿ ನನ್ನ ವಾದ ಹಾಗೆಯೇ ಇರಲಿ.

ಹೆಗಡೆ ರಸ್ತೆ (ಕುಮಟಾ)

ಎರಡು ಬಂಗಡೆಯಲ್ಲಿ ಏನಿತ್ತು ಎಂದು ನಾನು ಹೇಳುತ್ತೇನೆ: ಬಿ12 ಜೀವಸತ್ವ. ನಾನು ವೈದ್ಯೆಯಲ್ಲ, ರಕ್ತ ಪರೀಕ್ಷೆಯ ಕೋಣೆಯಲ್ಲಿ ಹದಿನಾಲ್ಕು ವರ್ಷ ಕಳೆದವಳು. ಶಿರಸಿಯ ಅಣ್ಣ ಇಷ್ಟೆಲ್ಲ ಬರೆದು ಇದೊಂದನ್ನು ಬಿಟ್ಟರು, ಏಕೆಂದರೆ ಅವರ ಮನೆಯಲ್ಲಿ ದಿನಾ ಮಜ್ಜಿಗೆ, ತಂಬುಳಿ ಇರುತ್ತದೆ. ಕೋಡಿಬಾಗದವರು ಹಾಲನ್ನೂ ಬಿಟ್ಟಿದ್ದಾರೆ. ಅಕ್ಕಿ, ಬೇಳೆ, ಸೊಪ್ಪು ಎಷ್ಟು ತಿಂದರೂ ಬಿ12 ನಂಬುವಷ್ಟು ಸಿಗುವುದಿಲ್ಲ. ಯಕೃತ್ತಿನಲ್ಲಿ ದಾಸ್ತಾನು ಇರುವುದರಿಂದ ಕೊರತೆ ಕಾಣಿಸಲು ವರ್ಷಗಳೇ ಹಿಡಿಯಬಹುದು. ಇನ್ನೊಂದು ಮೋಸವಿದೆ: ಸೊಪ್ಪು, ಕಾಳುಗಳಲ್ಲಿ ಫೋಲೇಟ್ ಎಂಬ ಇನ್ನೊಂದು ಜೀವಸತ್ವ ಹೇರಳ, ಅದು ಬಿ12 ಕೊರತೆಯ ರಕ್ತಹೀನತೆಯನ್ನು ಮರೆಮಾಚುತ್ತದೆ, ನರಗಳ ತೊಂದರೆಯನ್ನು ತಡೆಯುವುದಿಲ್ಲ. ಹಿಮೋಗ್ಲೋಬಿನ್ ಸರಿಯಾಗಿದೆ ಎಂದು ನಕ್ಕು ಹೋದವರು ಪಾದ ಜುಮುಗುಡುತ್ತದೆ ಎಂದು ತಿರುಗಿ ಬಂದದ್ದನ್ನು ನೋಡಿದ್ದೇನೆ. ಮಾತ್ರೆ ಅಗ್ಗ. ಪ್ರಮಾಣವನ್ನು ವೈದ್ಯರಲ್ಲಿ ಕೇಳಿ ಶುರು ಮಾಡಿ. ಮೈಯಲ್ಲಿ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಪರೀಕ್ಷೆಯೂ ಆಗಲಿ, ಕಬ್ಬಿಣ ಕಡಿಮೆಯಿದ್ದರೂ ಕಾಲು ಹೀಗೆಯೇ ಸೋಲುತ್ತದೆ. ಕಬ್ಬಿಣ ಮೈಗೆ ಹತ್ತಲು ಬಸಳೆಗೆ ನಿಂಬೆ ಹಿಂಡಿಕೊಳ್ಳಿ. ಚಹಾ ಊಟಕ್ಕಿಂತ ಒಂದು ತಾಸು ಆಚೆಗೆ ಇರಲಿ.

ಕೋಡಿಬಾಗದ ಓಟಗಾರ (ಕಾರವಾರ)

ಐದು ವಾರ ಆಯಿತು. ಫೆರಿಟಿನ್ ಪರವಾಗಿಲ್ಲ, ಬಿ12 ಕೆಳಗಿನ ಗೆರೆಯ ಹತ್ತಿರವಿತ್ತು, ಮಾತ್ರೆ ನಡೆದಿದೆ. ಅಕ್ಕ, ಉಪಕಾರವಾಯಿತು. ಓಟ ಮುಗಿಸಿ ಬರುವಷ್ಟರಲ್ಲಿ ಆಯಿ ಕುಚ್ಚಲಕ್ಕಿಯ ಪೇಜ್ (ಗಂಜಿ) ತಣಿಸಿ ಇಡುತ್ತಾಳೆ. ಬಿಳಿ ಅನ್ನದ ಮಾತು ಅವಳ ಮುಂದೆ ನಡೆಯಲಿಲ್ಲ. ಮಗ ಮತ್ತೆ ಅನ್ನ ತಿನ್ನತೊಡಗಿದ ಎಂಬುದೇ ಅವಳಿಗೆ ಅರ್ಧ ಗೆಲುವು. ಸೋಮವಾರ ಕಂಬಿ ಹಿಡಿಯದೆ ಮೆಟ್ಟಿಲು ಹತ್ತಿದೆ. ಮಂಗಳವಾರ ಪೂರ್ತಿ ಹಗುರವಾಗಿಲ್ಲ, ಆದರೆ ಕೊರಡೂ ಅಲ್ಲ.

ಒಂದೇ ಚಿಂತೆ: ಮೊದಲ ವಾರದಲ್ಲೇ ತೂಕ ಒಂದೂವರೆ ಕಿಲೋ ಏರಿ ಅಲ್ಲೇ ನಿಂತಿದೆ.

ದೇವಿಮನೆ ಸವಾರ (ಶಿರಸಿ)

ಅದರಲ್ಲಿ ಹೆಚ್ಚಿನದು ನೀರು. ಒಂದು ಗ್ರಾಂ ಗ್ಲೈಕೋಜೆನ್ ಕಡಿಮೆಯೆಂದರೂ ಮೂರು ಗ್ರಾಂ ನೀರನ್ನು ಜೊತೆಗೆ ಹಿಡಿದಿಡುತ್ತದೆ. ಮುನ್ನೂರು ಗ್ರಾಂ ತುಂಬಿತೆಂದರೆ ಒಂದು ಕಿಲೋ ದಾಟಿತಲ್ಲ. ಕಣಜ ತುಂಬಿದ ತೂಕ ಅದು. ಸೊಂಟಪಟ್ಟಿಯ ತೂತು ಬದಲಾದರೆ ಮಾತ್ರ ಬರೆಯಿರಿ. ಮಳೆಗಾಲ ಮುಗಿದ ಮೇಲೆ ಶಿರಸಿಗೆ ಬನ್ನಿ, ನಮ್ಮ ಕಡೆಯ ಸಿಹಿ ತೊಡೆದೇವು ಇದೆ. ತುಪ್ಪ ಹಚ್ಚದೆ ಕೊಡುತ್ತೇವೆ.