‘ಅಂತಿಮ ಪಗ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ನಿವೃತ್ತ ಸೇನಾಧಿಕಾರಿಯೊಬ್ಬರು ತಮ್ಮ ಟ್ರೇನಿಂಗ್ ದಿನಗಳ ಬಗ್ಗೆ ಬರೆದುಕೊಂಡಿದ್ದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಡೆಹ್ರಾಡೂನ್‌ನ ಇಂಡಿಯನ್ ಮಿಲಿಟರಿ ಅಕಾಡೆಮಿಯ ನೆನಪುಗಳು. 1932ರಲ್ಲಿ 40 ಕ್ಯಾಡೆಟ್‌ಗಳಿಂದ ಶುರುವಾದದ್ದು, ಸ್ಯಾಮ್ ಮಾಣೆಕ್‌ಶಾ ಆ ಮೊದಲ ತಂಡದವರೇ. ಕೆಲಸ ಚೆನ್ನಾಗೇ ಸಾಗಿತ್ತು. ‘ಅಂತಿಮ ಪಗ್’ ಅನ್ನೋ ಕಡೆ ಬಂದು ನಿಂತಿದೆ.

ನೋಡಿರದವರಿಗಾಗಿ ಹೇಳ್ತೀನಿ. ಟ್ರೇನಿಂಗ್ ಮುಗಿದಾಗ ನಡೆಯುವ ಪಾಸಿಂಗ್ ಔಟ್ ಪರೇಡ್‌ನ ಕೊನೆಗೆ ಕ್ಯಾಡೆಟ್‌ಗಳು ಅಕಾಡೆಮಿಯ ಮುಖ್ಯ ಕಟ್ಟಡವಾದ ಚೆಟ್‌ವುಡ್ ಕಡೆ ನಿಧಾನ ನಡಿಗೆಯಲ್ಲಿ ಬರುತ್ತಾರೆ. ಕಾಲು ಮುಂದೆ ಚಾಚುತ್ತದೆ, ಗಾಳಿಯಲ್ಲೇ ಒಂದು ಗಳಿಗೆ ನಿಲ್ಲುತ್ತದೆ, ಆಮೇಲೆ ನೆಲ ಮುಟ್ಟುತ್ತದೆ. ಬ್ಯಾಂಡ್‌ನವರು ಹಳೇ ಸ್ಕಾಟಿಷ್ ಬೀಳ್ಕೊಡುಗೆ ರಾಗ ನುಡಿಸುತ್ತಿರುತ್ತಾರೆ. ಮೆಟ್ಟಿಲ ಹತ್ತಿರ ದಾಟುವ ಆ ಒಂದು ಹೆಜ್ಜೆಯೇ ಅಂತಿಮ ಪಗ್. ಈಚೆ ಕ್ಯಾಡೆಟ್, ಆಚೆ ಅಧಿಕಾರಿ. ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೇನಾ ಅಕಾಡೆಮಿಯಲ್ಲೂ ಹೀಗೇ ಓಲ್ಡ್ ಕಾಲೇಜ್ ಮೆಟ್ಟಿಲು ಹತ್ತಿ ಒಳಗೆ ಹೋಗುತ್ತಾರೆ. ಅಲ್ಲಿ ಪರೇಡ್‌ನ ಅಧಿಕಾರಿ ಅಡ್ಜುಟೆಂಟ್ ಕೂಡ ಹಿಂದೆಯೇ ಹತ್ತುತ್ತಾನೆ, ಕುದುರೆ ಸಮೇತ!

ಹಿಂದಿಯ ‘ಪಗ್’ ನಮ್ಮ ಹೆಜ್ಜೆ. (ಹಳಗನ್ನಡ ಓದಿದವರಿಗೆ ‘ಪಗೆ’, ಅಂದರೆ ಹಗೆ, ನೆನಪಾದರೆ ನಾನು ಹೊಣೆಯಲ್ಲ.) ‘ಅಂತಿಮ’ ಅಂತೂ ನಮ್ಮಲ್ಲೂ ಇದೆ. ಹಾಗಾಗಿ ಸುಮ್ನೆ ‘ಅಂತಿಮ ಹೆಜ್ಜೆ’ ಅಂತ ಬರೆದೆ. ಅಮ್ಮ ಕರಡು ಓದುತ್ತಾ ತಲೆ ಎತ್ತಿ, ‘ಅಯ್ಯೋ, ಯಾರು ಹೋಗ್ಬಿಟ್ರು?’ ಅಂದರು.

ಅವರದ್ದೇನೂ ತಪ್ಪಿಲ್ಲ. ಅಂತಿಮ ದರ್ಶನ, ಅಂತಿಮ ನಮನ, ಅಂತಿಮ ಸಂಸ್ಕಾರ. ‘ಅಂತಿಮ ಪರೀಕ್ಷೆ’, ‘ಅಂತಿಮ ಪಟ್ಟಿ’ ಇವೆ, ನಿಜ. ಆದರೆ ಮನುಷ್ಯನ ಹೆಜ್ಜೆಗೆ ಅಂಟಿಸಿದ ಕೂಡಲೇ ಸಾವಿನ ವಾಸನೆ ಬರುತ್ತೆ, ಅಲ್ವಾ? ‘ಕೊನೆ ಹೆಜ್ಜೆ’ಯಲ್ಲಿ ಆ ವಾಸನೆ ಕಮ್ಮಿ, ಆದರೆ ಗತ್ತೂ ಕಮ್ಮಿ. ‘ಹೊಸ್ತಿಲು ದಾಟುವುದು’ ಅಂದರೆ ಭಾವ ಪೂರ್ತಿ ಬರುತ್ತೆ, ಹೆಜ್ಜೆಯೇ ಮಾಯ. ಸದ್ಯಕ್ಕೆ ‘ದಾಟುಹೆಜ್ಜೆ’ ಅಂತ ನಾನೇ ಕಟ್ಟಿಕೊಂಡಿದ್ದೇನೆ. ನನಗೆ ಹಿಡಿಸಿದೆ. ಆದರೆ ವಿವರಣೆಯಿಲ್ಲದೆ ಓದುವವರಿಗೆ ದಕ್ಕುತ್ತದಾ?

ಪಾಸಿಂಗ್ ಔಟ್ ಪರೇಡ್‌ಗೆ ಪತ್ರಿಕೆಗಳ ‘ನಿರ್ಗಮನ ಪಥಸಂಚಲನ’ ಇದೆ. ಬಾಯಲ್ಲಿ ಯಾರೂ ಹಾಗನ್ನಲ್ಲ. ಪರೇಡ್ ಅಂತಲೇ ಬಿಟ್ಟಿದ್ದೇನೆ. ಪಿಪ್ಪಿಂಗ್‌ನಲ್ಲಿ ಅಪ್ಪ ಅಮ್ಮ ಭುಜದ ಮೇಲೆ ಲೆಫ್ಟಿನೆಂಟ್‌ನ ಎರಡು ನಕ್ಷತ್ರ ಏರಿಸುತ್ತಾರೆ. ಅದಕ್ಕೆ ‘ಸ್ಟಾರ್ ತೊಡಿಸುವುದು’ ಸಾಕು ಅನ್ನಿಸಿತು.

ಇನ್ನೊಂದು ತಲೆನೋವು ‘ರಗಡಾ’. ತಪ್ಪು ಮಾಡಿದ ಕ್ಯಾಡೆಟ್‌ಗೆ ಮೈ ನುಗ್ಗಾಗುವಂತೆ ಮಾಡಿಸುವ ಕಸರತ್ತು: ಉರುಳುವುದು, ತೆವಳುವುದು, ಓಡುವುದು. ಹಿಂದಿಯ ‘ರಗಡ್ನಾ’, ಅಂದರೆ ಉಜ್ಜು, ತಿಕ್ಕು. ಆದರೆ ಧಾರವಾಡದ ಕಡೆಯವರಿಗೆ ‘ರಗಡ’ ಅಂದರೆ ಬೇಕಾದಷ್ಟು, ಜಾಸ್ತಿ. ‘ಇವತ್ತು ರಗಡಾ ಸಿಕ್ಕಿತು’ ಅಂತ ಬರೆದರೆ ಊಟವೇ ರಗಡ ಸಿಕ್ಕಿತೇನೋ ಅಂದುಕೊಳ್ಳಬಹುದು. ‘ಬೆಂಡೆತ್ತಿದರು’ ಅನ್ನಲೇ? ‘ಅರೆದು ಹಾಕಿದರು’ ಅನ್ನಲೇ? ಸೈನ್ಯದಲ್ಲಿದ್ದ ಕನ್ನಡದವರು ತಮ್ಮತಮ್ಮಲ್ಲೇ ಇದಕ್ಕೆ ಏನನ್ನುತ್ತಿದ್ದರು ಅಂತ ಯಾರಾದರೂ ಹೇಳಿದರೆ ಅದನ್ನೇ ಹಾಕುತ್ತೇನೆ.