ವಿನ್‌ಫಾರ್ಮ್ಸ್: 5 ಸೆಕೆಂಡಿಗೊಮ್ಮೆ ಡೇಟಾ ರಿಫ್ರೆಶ್ ಮಾಡುವಾಗ ಸ್ಕ್ರೀನ್ ಹ್ಯಾಂಗ್ ಆಗುತ್ತದೆ, ಏನು ಮಾಡಲಿ?

ಆಲ್ದೂರಿನವ
ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ ಸಿ ಶಾರ್ಪ್‌ನಲ್ಲಿ ವಿನ್‌ಫಾರ್ಮ್ಸ್ (ಡಾಟ್‌ನೆಟ್‌ನಲ್ಲಿ ವಿಂಡೋಸ್ ಸ್ಕ್ರೀನ್ ಕಟ್ಟುವ ಸಾಧನ) ಬಳಸಿ ಪ್ರೋಗ್ರಾಂ ಮಾಡುತ್ತಿದ್ದೇನೆ. ವೇಬ್ರಿಡ್ಜ್‌ನ (ಲಾರಿ ತೂಗುವ ಯಂತ್ರ) ತೂಕ, ಪಾರ್ಚ್‌ಮೆಂಟ್‌ನ (ಒಳಸಿಪ್ಪೆ ಇರುವ ಕಾಫಿ ಬೀಜ) ಮಾಯಿಶ್ಚರ್ ರೀಡಿಂಗ್ ಎರಡೂ ಎಸ್‌ಕ್ಯೂಎಲ್ ಸರ್ವರ್‌ಗೆ ಬರುತ್ತವೆ, ಅದನ್ನು 5 ಸೆಕೆಂಡಿಗೊಮ್ಮೆ ಓದಿ ಗ್ರಿಡ್‌ನಲ್ಲಿ ತೋರಿಸಬೇಕು. ಫಾರ್ಮ್ ಮೇಲೆ ಮಾಮೂಲಿ ಟೈಮರ್ ಇದೆ. ಗೋಡೌನ್ ಕಡೆ ಕರೆಂಟ್ ಹೋಗಿ ನೆಟ್‌ವರ್ಕ್ ಬಿತ್ತು ಅಂದರೆ ಇಡೀ ಪ್ರೋಗ್ರಾಂ 'ನಾಟ್ ರೆಸ್ಪಾಂಡಿಂಗ್'. ಬೇರೆ ಥ್ರೆಡ್‌ಗೆ (ಪ್ರೋಗ್ರಾಂ ಒಳಗೆ ಪ್ರತ್ಯೇಕವಾಗಿ ಓಡುವ ಕೆಲಸ) ಹಾಕಿದರೆ, ಗ್ರಿಡ್ ಮುಟ್ಟಿದ ಕೂಡಲೇ ಕ್ರಾಸ್ ಥ್ರೆಡ್ ಎರರ್. ಆ ಎರರ್ ಕೊಡುವ ತಪಾಸಣೆಯ ಸೆಟ್ಟಿಂಗ್ ಚೆಕ್‌ಫಾರ್‌ಇಲ್ಲೀಗಲ್‌ಕ್ರಾಸ್‌ಥ್ರೆಡ್‌ಕಾಲ್ಸ್ ಅನ್ನು ಫಾಲ್ಸ್ ಮಾಡಿ ಎಂದು ಒಬ್ಬರು ಹೇಳಿದರು. ಮಾಡಬಹುದಾ? ಅರೇಬಿಕಾ ಸೀಸನ್ ಶುರುವಾಗಿದೆ, ಗೇಟಿನಲ್ಲಿ ಲಾರಿ ಸಾಲು ನಿಂತಿರುತ್ತದೆ.

ಹಾಸನ_ಡಾಟ್‌ನೆಟ್
ಅದನ್ನು ಮಾತ್ರ ಮಾಡಬೇಡಿ ಸರ್. ಅದು ಎಚ್ಚರಿಕೆಯ ಗಂಟೆಯನ್ನು ಕಿತ್ತು ಹಾಕುತ್ತದೆ ಅಷ್ಟೇ, ಅಪಾಯ ಹಾಗೇ ಇರುತ್ತದೆ. ಕಂಟ್ರೋಲ್ (ಗ್ರಿಡ್, ಬಟನ್ ಥರದ್ದು) ಯಾವ ಥ್ರೆಡ್‌ನಲ್ಲಿ ಹುಟ್ಟಿತೋ ಅದೇ ಥ್ರೆಡ್ ಅದನ್ನು ಮುಟ್ಟಬೇಕು. ಇಲ್ಲದಿದ್ದರೆ ಯಾವತ್ತೋ ಒಂದು ದಿನ ಸುಮ್ನೆ ಕ್ರ್ಯಾಶ್ ಆಗುತ್ತದೆ, ಕಾರಣ ಹುಡುಕುವುದಕ್ಕೇ ಆಗುವುದಿಲ್ಲ.

ಹ್ಯಾಂಗ್ ಆಗುವುದು ಯಾಕೆಂದರೆ, ಫಾರ್ಮ್ ಟೈಮರ್‌ನ ಟಿಕ್ ಓಡುವುದು ಯುಐ ಥ್ರೆಡ್‌ನಲ್ಲೇ, ಅಂದರೆ ಸ್ಕ್ರೀನ್ ನೋಡಿಕೊಳ್ಳುವ ಥ್ರೆಡ್‌ನಲ್ಲೇ. ಎಸ್‌ಕ್ಯೂಎಲ್ ಕನೆಕ್ಷನ್‌ನ ಡೀಫಾಲ್ಟ್ ಟೈಮ್‌ಔಟ್ 15 ಸೆಕೆಂಡ್, ಕಮ್ಯಾಂಡ್‌ದು 30. ಅಷ್ಟು ಹೊತ್ತು ಯುಐ ಥ್ರೆಡ್ ಸರ್ವರ್‌ಗೆ ಕಾಯುತ್ತಾ ಕೂತರೆ ಮೌಸ್ ಕ್ಲಿಕ್ ನೋಡುವವರು ಯಾರು?

ಟೈಮರ್ ತೆಗೆದು ಅಸಿಂಕ್ ಲೂಪ್ ಬರೆಯಿರಿ; ಅದರಲ್ಲಿ ಅವೈಟ್ ಎಂದರೆ ಥ್ರೆಡ್ ಅನ್ನು ತಡೆಯದೆ ಕಾಯುವುದು. ಓಪನ್‌ಅಸಿಂಕ್, ಎಕ್ಸಿಕ್ಯೂಟ್‌ರೀಡರ್‌ಅಸಿಂಕ್‌ಗೆ ಅವೈಟ್ ಹಾಕಿ, ಗ್ರಿಡ್ ತುಂಬಿಸಿ, ಆಮೇಲೆ ಟಾಸ್ಕ್ ಡಿಲೇಗೆ 5 ಸೆಕೆಂಡ್ ಅವೈಟ್. ಯುಐ ಥ್ರೆಡ್‌ನಿಂದ ಶುರು ಮಾಡಿದರೆ ಅವೈಟ್ ಮುಗಿದ ಮೇಲೆ ಕೋಡ್ ವಾಪಸ್ ಅಲ್ಲಿಗೇ ಬರುತ್ತದೆ, ಇನ್‌ವೋಕ್ (ಕೆಲಸವನ್ನು ಯುಐ ಥ್ರೆಡ್‌ಗೆ ಕಳಿಸುವ ಕರೆ) ಬೇಡ. ಆ ಜಾಗದಲ್ಲಿ ಕಾನ್ಫಿಗರ್‌ಅವೈಟ್ ಫಾಲ್ಸ್ ಹಾಕಬೇಡಿ, ಹಾಕಿದರೆ ಕೋಡ್ ಯುಐ ಥ್ರೆಡ್‌ಗೆ ವಾಪಸ್ ಬರದೇ ಹೋಗಬಹುದು. ಡಾಟ್‌ನೆಟ್ 6 ಅಥವಾ ಮೇಲಿನದಾದರೆ ಪೀರಿಯಾಡಿಕ್ ಟೈಮರ್ ಕೂಡ ಇದೆ.

ಮೂಡಿಗೆರೆ_ದೇವ್
ಸಿಸ್ಟಂ.ಟೈಮರ್ಸ್ ಒಳಗಿನ ಟೈಮರ್ ಬಳಸಿದರೂ ಆಗುತ್ತದೆ ಅಲ್ವಾ? ಅದು ಥ್ರೆಡ್ ಪೂಲ್‌ನಲ್ಲೇ (ಹಿನ್ನೆಲೆ ಥ್ರೆಡ್‌ಗಳ ಗುಂಪು) ಓಡುತ್ತದೆ, ಗ್ರಿಡ್ ತುಂಬಿಸುವುದನ್ನು ಬಿಗಿನ್‌ಇನ್‌ವೋಕ್‌ನಿಂದ ಯುಐ ಥ್ರೆಡ್‌ಗೆ ಕಳಿಸಿದರೆ ಸಾಕು.

ಹಾಸನ_ಡಾಟ್‌ನೆಟ್
ಆಗುತ್ತದೆ. ಆದರೆ ಕ್ವೆರಿಗೆ 8 ಸೆಕೆಂಡ್ ಹಿಡಿದರೆ, ಮೊದಲನೆಯದು ಮುಗಿಯುವ ಮುಂಚೆ ಎರಡನೆಯದು ಶುರುವಾಗುತ್ತದೆ. ಒಂದರ ಮೇಲೊಂದು ಕನೆಕ್ಷನ್ ಸೇರಿಕೊಳ್ಳುತ್ತವೆ, ಹಳೇ ಉತ್ತರ ಹೊಸದರ ಮೇಲೆ ಬಂದು ಕೂರಲೂಬಹುದು. ಲೂಪ್‌ನಲ್ಲಿ ಆ ತಾಪತ್ರಯ ಇಲ್ಲ, ಮುಗಿದ ಮೇಲೆಯೇ ಮುಂದಿನದು.

ಸಕಲೇಶಪುರ_ಮಳೆ
ಮೇಲಿನದೆಲ್ಲ ಸರಿ, ಆದರೆ ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಬೇರೆ. ಹ್ಯಾಂಗ್ ಆದ ಸ್ಕ್ರೀನ್ ನೋಡಿದರೆ ಏನೋ ತೊಂದರೆ ಇದೆ ಎಂದು ಯಾರಿಗಾದರೂ ಗೊತ್ತಾಗುತ್ತದೆ. ಈಗ ನೀವು ಅದನ್ನು ಸರಿ ಮಾಡಿದ ಮೇಲೆ ನೆಟ್‌ವರ್ಕ್ ಬಿದ್ದರೂ ಸ್ಕ್ರೀನ್ ಲಕ್ಷಣವಾಗಿ ಓಡುತ್ತಿರುತ್ತದೆ, ಅದರಲ್ಲಿ ಇರುವುದು ಹತ್ತು ನಿಮಿಷದ ಹಿಂದಿನ ಲಾರಿಯ ತೂಕ. ಅದನ್ನೇ ನೋಡಿ ಚೀಟಿ ಬರೆದರೆ ಬೆಳೆಗಾರರಿಗೆ ನಷ್ಟ. ಎಕ್ಸೆಪ್ಶನ್ (ಓಡುವಾಗ ಬರುವ ಎರರ್) ಹಿಡಿದು ಸುಮ್ಮನಾಗಬೇಡಿ. ಕೊನೆಗೆ ಯಾವಾಗ ಡೇಟಾ ಬಂತು ಎಂಬ ಸಮಯವನ್ನು ಮೇಲೆ ದೊಡ್ಡದಾಗಿ ತೋರಿಸಿ, 20 ಸೆಕೆಂಡ್ ದಾಟಿದರೆ ಕೆಂಪು ಮಾಡಿ, ಚೀಟಿ ಪ್ರಿಂಟ್ ಬಟನ್ ಬಂದ್ ಮಾಡಿ.

ಆಲ್ದೂರಿನವ
ತುಂಬಾ ಥ್ಯಾಂಕ್ಸ್. ಲೂಪ್ ಹಾಕಿದೆ, ಹ್ಯಾಂಗ್ ನಿಂತಿದೆ. ಕೆಂಪು ಪಟ್ಟಿ ಇವತ್ತೇ ಸೇರಿಸುತ್ತೇನೆ. ಒಂದೇ ತೊಂದರೆ, ರಿಫ್ರೆಶ್ ಆದಾಗಲೆಲ್ಲ ಗ್ರಿಡ್ ಮೇಲಕ್ಕೆ ಜಿಗಿಯುತ್ತದೆ, ಸೆಲೆಕ್ಟ್ ಮಾಡಿದ ಸಾಲೂ ಹೋಗುತ್ತದೆ.

ಹಾಸನ_ಡಾಟ್‌ನೆಟ್
ಪ್ರತಿ ಸಲ ಗ್ರಿಡ್‌ನ ಡೇಟಾಸೋರ್ಸ್ ಹೊಸದಾಗಿ ಕೊಡುತ್ತಿದ್ದೀರಿ ಅನ್ನಿಸುತ್ತದೆ. ಒಂದೇ ಬೈಂಡಿಂಗ್‌ಲಿಸ್ಟ್ (ಗ್ರಿಡ್‌ಗೆ ಜೋಡಿಸಿದ ಪಟ್ಟಿ) ಇಟ್ಟುಕೊಂಡು, ಚೀಟಿ ನಂಬರ್ ಹಿಡಿದು ಬದಲಾದ ಸಾಲನ್ನಷ್ಟೇ ತಿದ್ದಿ. ಮತ್ತೆ, ಫಾರ್ಮ್ ಮುಚ್ಚುವಾಗ ಕ್ಯಾನ್ಸಲೇಶನ್ ಟೋಕನ್‌ನಿಂದ (ನಿಲ್ಲಿಸು ಎಂಬ ಸೂಚನೆ) ಲೂಪ್ ನಿಲ್ಲಿಸಿ, ಇಲ್ಲದಿದ್ದರೆ ಮುಚ್ಚಿದ ಫಾರ್ಮ್‌ನ ಗ್ರಿಡ್‌ಗೆ ಬರೆಯಲು ಹೋಗಿ ಆಬ್ಜೆಕ್ಟ್‌ಡಿಸ್ಪೋಸ್ಡ್ ಎರರ್ ಬರಬಹುದು.